ಉಪೇಂದ್ರಕಿಶೋರ ರಾಯಚೌಧುರಿ

ಮಕ್ಕಳು ಪುಸ್ತಕವನ್ನು ಕೈಗೆ ತೆಗೆದುಕೊಂಡಾಗ ಮೊದಲು ನೋಡುವುದು ಚಿತ್ರವನ್ನು. ಅಕ್ಷರದ ಸರದಿ ಅನಂತರ ಬರುವುದು. ಆದರೂ ಆ ಚಿತ್ರವನ್ನು ಬರೆದವನ ಹೆಸರನ್ನು ಮಕ್ಕಳೂ ಕೇಳುವುದಿಲ್ಲ, ಪುಸ್ತಕವನ್ನು ಕೊಂಡುಕೊಟ್ಟ ಹಿರಿಯರೂ ವಿಚಾರಿಸುವುದಿಲ್ಲ. ಆ ಚಿತ್ರವು ಕಾಗದದ ಮೇಲೆ ಮೂಡಿದ ಬಗೆಯನ್ನು ತಿಳಿಯುವ ಕುತೂಹಲವಂತೂ ಇನ್ನೂ ವಿರಳ. ವಂಗದೇಶದಲ್ಲಿ ಈ ಎರಡು ಕೆಲಸಗಳನ್ನೂ ಒಬ್ಬರೇ ಹೊತ್ತುಕೊಂಡು, ಎರಡರಲ್ಲಿಯೂ ಹಿರಿಮೆಯನ್ನು ಪಡೆದ ಮಹನೀಯರೊಬ್ಬರಿದ್ದರು. ಚಲನಚಿತ್ರ ನಿರ್ದೇಶಕ ಸತ್ಯಜಿತ್ ರಾಯರ ಅಜ್ಜನೆಂದು ಮಾತ್ರ ನಮ್ಮಲ್ಲಿ ಕೆಲವರು ಅವರನ್ನು ಬಲ್ಲರು. ಅಜ್ಜನನ್ನು ಮೊಮ್ಮಗನ ಮೂಲಕ ಗುರುತಿಸುವುದು ಲೋಕರೂಢಿಯೇ ಆದರೂ, ಇಲ್ಲಿ ಅಜ್ಜನ ಕಥೆಯು ತನ್ನಷ್ಟಕ್ಕೆ ತಾನೇ ಕೇಳತಕ್ಕದ್ದಾಗಿದೆ.

ಉಪೇಂದ್ರಕಿಶೋರರು ಹುಟ್ಟಿದ್ದು 1863ರಲ್ಲಿ, ಆಗಿನ ಮೈಮನಸಿಂಗ್ ಜಿಲ್ಲೆಯ ಮಸೂಯಾ ಎಂಬ ಹಳ್ಳಿಯಲ್ಲಿ. ಆ ಊರು ಈಗ ಬಾಂಗ್ಲಾದೇಶಕ್ಕೆ ಸೇರಿದೆ. ತಂದೆ ಕಾಳಿನಾಥ ರಾಯರು ಸಂಸ್ಕೃತ, ಅರಬ್ಬೀ, ಪಾರಸಿಗಳಲ್ಲಿ ಪಂಡಿತರು. ಮಗುವಿಗೆ ಅವರಿಟ್ಟ ಹೆಸರು ಕಾಮದಾರಂಜನ. ಐದು ವರ್ಷದ ಹುಡುಗನನ್ನು ಬಂಧುಗಳಾದ ಹರಿಕಿಶೋರ ರಾಯಚೌಧುರಿ ಎಂಬ ಜಮೀನುದಾರರು ದತ್ತು ತೆಗೆದುಕೊಂಡು, ತಮ್ಮ ಹೆಸರಿಗೆ ಹೊಂದುವಂತೆ ಉಪೇಂದ್ರಕಿಶೋರನೆಂದು ಕರೆದರು. ಮುಂದೆ ಕಲಕತ್ತೆಯಲ್ಲಿ ವಿದ್ಯಾಭ್ಯಾಸ ನಡೆದು 1884ರಲ್ಲಿ ಬಿ.ಎ. ಪದವಿ ದೊರೆಯಿತು. ಇಷ್ಟರಲ್ಲಿ ಅವರು ಬ್ರಾಹ್ಮಸಮಾಜವನ್ನು ಸೇರಿದ್ದರು. ಸಂಪ್ರದಾಯಸ್ಥ ಮನೆತನದ ದತ್ತುಪುತ್ರನಿಗೆ ಇದು ಹಗುರವಾದ ನಿರ್ಧಾರವಾಗಿರಲಾರದು. ಮಾರನೆಯ ವರ್ಷ ಸಮಾಜದ ಸುಧಾರಕರಲ್ಲಿ ಪ್ರಮುಖರಾದ ದ್ವಾರಕಾನಾಥ ಗಂಗೂಲಿಯವರ ಮಗಳು ವಿಧುಮುಖಿಯವರೊಡನೆ ವಿವಾಹವಾಯಿತು.

ಪಿಟೀಲು, ಹಾಡು, ಚಿತ್ರ, ಛಾಯಾಗ್ರಹಣ, ನಕ್ಷತ್ರವೀಕ್ಷಣೆ, ಇವುಗಳಲ್ಲಿ ಯಾವುದನ್ನು ಬಿಡಬೇಕೆಂದು ತಿಳಿಯದ ಮನಸ್ಸು ಅವರದು. ಇಂಥವರು ಬಹುಮಟ್ಟಿಗೆ ಎಲ್ಲದರಲ್ಲಿಯೂ ಸ್ವಲ್ಪಸ್ವಲ್ಪವಾಗಿ ಉಳಿದುಬಿಡುವುದುಂಟು. ಉಪೇಂದ್ರಕಿಶೋರರನ್ನು ಆ ಗತಿಯಿಂದ ಕಾಪಾಡಿದ್ದು ಒಂದು ಆಶಾಭಂಗ. ವಿದ್ಯಾರ್ಥಿದೆಸೆಯಿಂದಲೇ ‘ಸಖಾ’ ಎಂಬ ಮಕ್ಕಳ ಪತ್ರಿಕೆಗೆ ಬರೆಯುತ್ತಿದ್ದ ಅವರು, ರಾಮಾಯಣವನ್ನು ಮಕ್ಕಳಿಗಾಗಿ ಸರಳವಾದ ಬಂಗಾಳಿಯಲ್ಲಿ ಬರೆದು, ಅದಕ್ಕೆ ತಾವೇ ಚಿತ್ರಗಳನ್ನೂ ರಚಿಸಿದರು. ಪುಸ್ತಕ ಅಚ್ಚಾಗಿ ಬಂದಾಗ ನೋಡಿದರೆ ಚಿತ್ರಗಳೆಲ್ಲ ಕೆಟ್ಟುಹೋಗಿದ್ದವು. ಚಿತ್ರಕಾರನು ಬರೆದುದನ್ನು ಮರದ ಹಲಗೆಯ ಮೇಲೆ ಬೇರೊಬ್ಬನು ಕೊರೆದು ಅಚ್ಚು ಮಾಡುವುದು ಆಗಿನ ಪದ್ಧತಿ. ಕುಂಚದಲ್ಲಿದ್ದ ನೆರಳು ಬೆಳಕಿನ ನಯವು ಉಳಿಯ ಬಾಯಿಗೆ ಸಿಕ್ಕಿ ಒರಟು ಗೆರೆಗಳಾಗಿ ಹೊರಬರುತ್ತಿತ್ತು. ಬೇರೊಬ್ಬ ಲೇಖಕನಾಗಿದ್ದರೆ ಅಚ್ಚುಕೂಟದವರನ್ನು ನಾಲ್ಕು ಮಾತು ಬೈದು ಸುಮ್ಮನಾಗುತ್ತಿದ್ದನು. ಇವರು ದೋಷದ ಮೂಲವನ್ನು ಹುಡುಕಲು ಹೊರಟರು.

ಆ ಹುಡುಕಾಟದ ಸ್ವರೂಪವನ್ನು ವಾಚಕರು ತಿಳಿಯಬೇಕಾದರೆ ಮುದ್ರಣದ ಒಂದು ಗುಟ್ಟನ್ನು ಹೇಳಬೇಕು. ಅಚ್ಚಿನ ಮಸಿಗೆ ಕಪ್ಪು ಒಂದೇ ಬಣ್ಣ. ಬೂದುಬಣ್ಣವನ್ನು ಅದು ಅರಿಯದು. ಛಾಯಾಚಿತ್ರದಲ್ಲಾದರೋ ಕಪ್ಪಿನಿಂದ ಬಿಳುಪಿನವರೆಗೆ ನೂರಾರು ಛಾಯೆಗಳು. ಇವುಗಳನ್ನು ಒಂದೇ ಮಸಿಯಿಂದ ತೋರಿಸುವುದಕ್ಕಾಗಿ ಪಾಶ್ಚಾತ್ಯರು ‘ಹಾಫ್‌ಟೋನ್’ ವಿಧಾನವನ್ನು ಕಂಡುಹಿಡಿದಿದ್ದರು. ಅಡ್ಡ ಉದ್ದ ಸೂಕ್ಷ್ಮವಾದ ಗೆರೆಗಳನ್ನೆಳೆದ ಗಾಜಿನ ಜಾಲವೊಂದನ್ನು ಕ್ಯಾಮರಾದೊಳಗೆ ಫಲಕದ ಮುಂದೆ ಇಟ್ಟು ಚಿತ್ರವನ್ನು ತೆಗೆದರೆ, ಚಿತ್ರವು ಚುಕ್ಕೆಗಳಾಗಿ ಒಡೆಯುತ್ತದೆ. ನೆರಳಿದ್ದ ಕಡೆ ಚುಕ್ಕೆ ದಪ್ಪ, ಬೆಳಕಿದ್ದ ಕಡೆ ಸಣ್ಣ. ಅದನ್ನು ಲೋಹದ ತಗಡಿಗೆ ಇಳಿಸಿ ಆಮ್ಲದಿಂದ ತಿನ್ನಿಸಿದರೆ ಅಚ್ಚು ಸಿದ್ಧವಾಗುವುದು. ದೂರದಿಂದ ನೋಡುವ ಕಣ್ಣು ಚುಕ್ಕೆಗಳನ್ನು ಕಾಣದೆ ಛಾಯೆಯನ್ನೇ ಕಾಣುತ್ತದೆ. ಇಂದಿನ ವೃತ್ತಪತ್ರಿಕೆಯ ಚಿತ್ರವನ್ನು ಭೂತಗನ್ನಡಿಯಿಂದ ನೋಡಿದವರಿಗೂ ಇದು ಮನದಟ್ಟಾಗುವುದು.

1895ರಲ್ಲಿ ಉಪೇಂದ್ರಕಿಶೋರರು ಲಂಡನ್ನಿನ ಪೆನ್‌ರೋಸ್ ಕಂಪೆನಿಯಿಂದ ಈ ಕೆಲಸದ ಯಂತ್ರಸಾಮಗ್ರಿಗಳನ್ನು ತರಿಸಿಕೊಂಡರು. ಕೈಹಿಡಿದು ಕಲಿಸುವ ಗುರುವಿರಲಿಲ್ಲ. ಪುಸ್ತಕಗಳು, ತಮ್ಮ ಗಣಿತ, ತಮ್ಮ ತಾಳ್ಮೆ, ಇಷ್ಟೇ ಬಂಡವಾಳ. ಜಾಲಕ್ಕೂ ಫಲಕಕ್ಕೂ ನಡುವೆ ಎಷ್ಟು ಅಂತರವಿರಬೇಕು, ಮಸೂರದ ಮುಂದಿನ ರಂಧ್ರವು ಎಷ್ಟು ದೊಡ್ಡದಾಗಿರಬೇಕು, ಅದರ ಆಕಾರ ಯಾವುದಿರಬೇಕು ಎಂಬುದನ್ನು ಹೆಚ್ಚಿನ ಕೆಲಸಗಾರರು ಅಂದಾಜಿನಿಂದಲೂ ಅಭ್ಯಾಸಬಲದಿಂದಲೂ ನಿಶ್ಚಯಿಸುತ್ತಿದ್ದರು. ಇವರು ಚುಕ್ಕೆಯು ಹುಟ್ಟುವ ಕಾರಣವನ್ನೇ ವಿಚಾರಿಸಿ, ಅದಕ್ಕೆ ಲೆಕ್ಕವನ್ನು ಕಟ್ಟಿದರು. ಗೆರೆಗಳು ಲಂಬವಾಗಿ ಹಾಯುವ ಸಾಮಾನ್ಯ ಜಾಲಕ್ಕೆ ಬದಲಾಗಿ 60 ಅಂಶದ ಕೋನದಲ್ಲಿ ಹಾಯುವ ಜಾಲದ ಗುಣಗಳನ್ನೂ ಪರಿಶೀಲಿಸಿದರು. ಈ ವಿಚಾರಗಳ ಮೇಲೆ ಅವರು ಬರೆದ ಲೇಖನಗಳು, 1897ರಿಂದ ಮೊದಲ್ಗೊಂಡು ಸುಮಾರು ಹದಿನೈದು ವರ್ಷಗಳ ಅವಧಿಯಲ್ಲಿ, ಮುದ್ರಣಕಲೆಗೆ ಮೀಸಲಾದ ಪೆನ್‌ರೋಸ್ ವಾರ್ಷಿಕ ಸಂಚಿಕೆಗಳಲ್ಲಿ ಪ್ರಕಟವಾದವು. ಆಳುವ ದೇಶದ ಕುಶಲಿಗಳು ಆಳಿಸಿಕೊಳ್ಳುವ ದೇಶದವನೊಬ್ಬನಿಂದ ತಮ್ಮ ಕಸುಬಿನ ತತ್ತ್ವವನ್ನು ಓದಿ ತಿಳಿಯುವ ಪ್ರಸಂಗವು ಆ ಕಾಲದಲ್ಲಿ ಎಷ್ಟು ಬಾರಿ ಒದಗಿತ್ತು? ಇದನ್ನು ಸಾಧಿಸಿದ ವಿಜ್ಞಾನಿಯ ಮೂಲೋದ್ದೇಶವು ಮಕ್ಕಳ ಪುಸ್ತಕದ ಚಿತ್ರಗಳು ಚೆನ್ನಾಗಿ ಬರಲಿ ಎಂಬುದಾಗಿತ್ತೆಂಬುದು ನನಗೆ ಬಹಳ ಪ್ರಿಯವಾದ ಸಂಗತಿ.

ಅವರ ಸಂಸ್ಥೆ ‘ಯು. ರಾಯ್’ ಕಲಕತ್ತೆಯಲ್ಲಿ ಹೆಸರಾಯಿತು. ರಮಾನಂದ ಚಟ್ಟೋಪಾಧ್ಯಾಯರ ‘ಪ್ರವಾಸಿ’, ‘ಮಾಡರ್ನ್ ರಿವ್ಯೂ’ ಪತ್ರಿಕೆಗಳಲ್ಲಿ ಬಂದ ಚಿತ್ರಗಳಿಗೆ ಅಚ್ಚುಗಳು ಇಲ್ಲಿಂದ ಹೋಗುತ್ತಿದ್ದವು. ವ್ಯಾಪಾರವು ಬೆಳೆದರೂ ಮಕ್ಕಳ ಕೆಲಸ ನಿಲ್ಲಲಿಲ್ಲ. ಮನುಷ್ಯನಿಗಿಂತ ಹಿಂದಿನ ಯುಗಗಳ ಪ್ರಾಣಿಗಳನ್ನು ಪರಿಚಯಮಾಡಿಕೊಡುವ ‘ಸೇಕಾಲೇರ್ ಕಥಾ’ 1903ರಲ್ಲಿಯೂ, ಅವರ ಕೀರ್ತಿಗೆ ಮುಖ್ಯ ಆಧಾರವಾದ ‘ಟುನಟುನಿರ್ ಬೊಯಿ’ 1910ರಲ್ಲಿಯೂ ಬಂದವು.

ಟುನಟುನಿ ಎಂದರೆ ಎಲೆಗಳನ್ನು ಹೊಲಿದು ಗೂಡು ಕಟ್ಟುವ ದರ್ಜಿ ಹಕ್ಕಿ. ಹೊತ್ತು ಮುಳುಗಿದ ಮೇಲೆ ಊಟಕ್ಕೆ ಮೊದಲೇ ತೂಕಡಿಸುವ ಮಕ್ಕಳನ್ನು ಎಚ್ಚರವಾಗಿಡಲು ಪೂರ್ವವಂಗದ ಮನೆಗಳಲ್ಲಿ ಹೆಂಗಸರು ಹೇಳುತ್ತಿದ್ದ ಕಥೆಗಳನ್ನು ಅವರು ಇಲ್ಲಿ ಸಂಗ್ರಹಿಸಿದ್ದಾರೆ. ಇಪ್ಪತ್ತೇಳು ಕಥೆಗಳು. ಮುಷ್ಟಿಯೊಳಗೆ ಅಡಗುವ ಹಕ್ಕಿ ರಾಜನನ್ನು ಹಾಸ್ಯಮಾಡುತ್ತದೆ. ಹುಲಿಯು ಎಲ್ಲರ ಕೈಯಲ್ಲಿಯೂ ಮೋಸಹೋಗುತ್ತದೆ. ನಮ್ಮ ಅಜ್ಜಿಯರ ಕಥೆಗಳನ್ನು ಕೇಳಿ ಬೆಳೆದವರಿಗೆ ಈ ಹುಲಿ ಅಪರಿಚಿತವಲ್ಲ. ಉಪೇಂದ್ರಕಿಶೋರರ ಪೌರಾಣಿಕ ಚಿತ್ರಗಳಲ್ಲಿ ಪಾಶ್ಚಾತ್ಯ ಶೈಲಿಯ ಶ್ರದ್ಧೆ ಎದ್ದು ಕಾಣುತ್ತದೆ. ಅವು ಅಂದವಾಗಿವೆ, ಆದರೆ ಆ ಕಾಲದ ಇತರರೂ ಅಂಥವನ್ನು ಬರೆಯಬಲ್ಲವರಾಗಿದ್ದರು. ಟುನಟುನಿಯ ಪ್ರಾಣಿಚಿತ್ರಗಳ ಮಾತು ಬೇರೆ. ಅಲ್ಲಿ ಹುಲಿಯು ಹುಲಿಯಾಗಿಯೇ ಇದ್ದುಕೊಂಡು ಪೆಚ್ಚಾಗಿರುತ್ತದೆ. ಅದಕ್ಕೆ ಮನುಷ್ಯನ ಮುಖವನ್ನು ಅಂಟಿಸಿಲ್ಲ. ಈ ಸಂಯಮವು ಅವರದೇ ಎಂದು ನನ್ನ ಅಭಿಪ್ರಾಯ.

1913ರಲ್ಲಿ ‘ಸಂದೇಶ್’ ಎಂಬ ಮಕ್ಕಳ ಮಾಸಪತ್ರಿಕೆಯನ್ನು ಹೊರಡಿಸಿದರು. ಕನ್ನಡದಲ್ಲಿ ಈ ಶಬ್ದಕ್ಕೆ ಸುದ್ದಿ ಎಂಬ ಒಂದೇ ಅರ್ಥ; ಬಂಗಾಳಿಯಲ್ಲಿ ಅದು ಹಾಲಿನ ಗಿಣ್ಣದಿಂದ ಮಾಡಿದ ಸಿಹಿತಿಂಡಿಯ ಹೆಸರೂ ಹೌದು. ಮಕ್ಕಳ ಪತ್ರಿಕೆಗೆ ಇದಕ್ಕಿಂತ ಒಪ್ಪುವ ಹೆಸರನ್ನು ಕಾಣೆನು. ಬರಹ, ಚಿತ್ರ, ಅಚ್ಚು ಎಲ್ಲಕ್ಕೂ ಅವರದೇ ಕೈ. ಲಂಡನ್ನಿನಲ್ಲಿ ಮುದ್ರಣವಿದ್ಯೆಯನ್ನು ಕಲಿತ ಹಿರಿಯ ಮಗ ಸುಕುಮಾರರೂ ಅದೇ ವರ್ಷ ಹಿಂದಿರುಗಿ ತಂದೆಗೆ ಹೆಗಲಾದರು. ಹಿರಿಯ ಮಗಳು ಸುಖಲತೆಯೂ ಚಿತ್ರ ಬರೆಯುವವರು, ಮಕ್ಕಳಿಗಾಗಿ ಕಥೆ ಹೇಳುವವರು. ಗರ್ಪಾರ್ ರಸ್ತೆಯಲ್ಲಿ ಮನೆ, ಅಚ್ಚುಕೂಟ ಎರಡಕ್ಕೂ ಅನುಕೂಲವಾಗುವಂತೆ ತಾವೇ ಯೋಚಿಸಿ ಕಟ್ಟಿಸಿದ ಹೊಸ ಕಟ್ಟಡಕ್ಕೆ ಕುಟುಂಬವು ಹೋಯಿತು. ಆದರೆ ಮಧುಮೇಹವು ಅವರನ್ನು ಹಿಡಿದಿತ್ತು. ಆ ರೋಗಕ್ಕೆ ಮದ್ದಾದ ಇನ್ಸುಲಿನ್ ಲೋಕಕ್ಕೆ ದೊರೆಯಲು ಇನ್ನೂ ಕೆಲವು ವರ್ಷಗಳು ಬೇಕಾಗಿದ್ದವು. 1915ರ ಡಿಸೆಂಬರ್ 20ರಂದು, ತಮ್ಮ ಐವತ್ತೆರಡನೆಯ ವಯಸ್ಸಿನಲ್ಲಿ, ಉಪೇಂದ್ರಕಿಶೋರರು ಸ್ವರ್ಗಸ್ಥರಾದರು.

ಪತ್ರಿಕೆಯನ್ನೂ ಅಚ್ಚುಕೂಟವನ್ನೂ ಸುಕುಮಾರರು ವಹಿಸಿಕೊಂಡರು. ಅವರ ವಿನೋದಕವಿತೆಗಳೂ ಚಿತ್ರಗಳೂ ತಂದೆಯ ಕೆಲಸವನ್ನು ಮರೆಸುವಷ್ಟು ಪ್ರಸಿದ್ಧವಾದವು. ಆದರೆ ಕಾಲಾಜಾರ್ ರೋಗಕ್ಕೆ ತುತ್ತಾಗಿ 1923ರಲ್ಲಿ, ಮೂವತ್ತಾರು ತುಂಬುವ ಮೊದಲೇ, ಅವರೂ ತೀರಿಕೊಂಡರು. ಅವರ ಮಗನಿಗೆ ಆಗ ಎರಡು ವರ್ಷ. ಕೆಲವೇ ವರ್ಷಗಳಲ್ಲಿ ವ್ಯವಹಾರವು ದಿವಾಳಿಯಾಗಿ ಗರ್ಪಾರ್ ರಸ್ತೆಯ ಮನೆಯನ್ನು ಬಿಟ್ಟುಹೋಗಬೇಕಾಯಿತು. ಮಗುವಾಗಿ ಆ ಅಚ್ಚುಕೂಟದಲ್ಲಿ ಸುಳಿದಾಡಿದ ಸತ್ಯಜಿತರು, ಟರ್ಪೆಂಟೈನಿನ ವಾಸನೆ ಬಂದರೆ ಸಾಕು, ತಮಗೆ ಅಲ್ಲಿನ ನೆನಪಾಗುವುದೆಂದು ಮುಂದೆ ಬರೆದರು. ಅಜ್ಜನು ‘ಸಂದೇಶ್’ಗಾಗಿ ಬರೆದ ಗೂಪಿ ಮತ್ತು ಬಾಘಾ ಎಂಬಿಬ್ಬರ ಕಥೆಯನ್ನು ಅವರು ಚಲನಚಿತ್ರವಾಗಿಸಿದ್ದು 1969ರಲ್ಲಿ ತೆರೆಗೆ ಬಂದಿತು. ಅದಕ್ಕೂ ಮುಂಚೆ, 1961ರಲ್ಲಿ, ನಿಂತುಹೋಗಿದ್ದ ‘ಸಂದೇಶ್’ ಪತ್ರಿಕೆಯನ್ನು ಕವಿ ಸುಭಾಷ್ ಮುಖೋಪಾಧ್ಯಾಯರೊಡನೆ ಮತ್ತೆ ಆರಂಭಿಸಿ, ಅದಕ್ಕೆ ತಾವೇ ಚಿತ್ರಗಳನ್ನು ಬರೆದರು.