ಹೆಸರೂ ನಡತೆಯೂ: ನುಲಿಯ ಚಂದಯ್ಯನವರ ಕುಲದ ಚರಿತ್ರೆಯಿಂದ ಒಂದು ವಿಚಾರ



ಬಸವಪುರಾಣದ ಪ್ರವಚನವನ್ನು ಕೇಳಿದ ಭಕ್ತರಿಗೆ ಬದನೆಯ ಕಾಯಿಯ ಕಥೆಯು ತಿಳಿದಿರುವುದು. ಕಳ್ಳರು ಜಂಗಮರ ವೇಷವನ್ನು ಧರಿಸಿ, ಲಿಂಗವಿರಬೇಕಾದ ಎಡೆಯಲ್ಲಿ ಬದನೆಯ ಕಾಯಿಗಳನ್ನು ಕಟ್ಟಿಕೊಂಡು ಬಂದರು. ಬಸವಣ್ಣನವರು ಅವರನ್ನು ಜಂಗಮರೆಂದೇ ಭಾವಿಸಿ ಸತ್ಕರಿಸಲು, ಆ ಕಾಯಿಗಳು ಲಿಂಗಗಳಾದುವು. ಈ ಮಹಿಮೆಯನ್ನು ಭಕ್ತಿಯಿಂದ ನೆನೆಯುವಾಗ ಅದರೊಳಗಣ ಲೋಕನೀತಿಯನ್ನೂ ಗ್ರಹಿಸಬೇಕು. ಮನುಷ್ಯನನ್ನು ಯಾವ ಹೆಸರಿನಿಂದ ಬರಮಾಡಿಕೊಳ್ಳುವೆವೋ, ಆತನು ಬಹುಮಟ್ಟಿಗೆ ಆ ಹೆಸರಿಗೆ ತಕ್ಕವನಾಗುತ್ತಾನೆ. ಇದಕ್ಕೆ ಪ್ರತಿಯಾದ ನಿದರ್ಶನವೂ ನಮ್ಮ ನಾಡಿನ ಚರಿತ್ರೆಯಲ್ಲಿರುವುದು. ಅದನ್ನು ಈ ಮಹೋತ್ಸವ ಸಂಚಿಕೆಯ ವಾಚಕರ ಮುಂದಿಡುತ್ತೇನೆ.

ಹನ್ನೆರಡನೆಯ ಶತಮಾನದ ಶರಣರಲ್ಲಿ ನುಲಿಯ ಚಂದಯ್ಯನವರು ಪ್ರಸಿದ್ಧರು. ಹುಲ್ಲನ್ನು ಕೊಯ್ದು, ಹಗ್ಗವನ್ನು ಹೊಸೆದು ಮಾರಿ, ಬಂದುದರಿಂದ ಜಂಗಮದಾಸೋಹವನ್ನು ನಡೆಸುವುದು ಅವರ ಕಾಯಕ. ಹಗ್ಗಕ್ಕೆ ಸಲ್ಲುವ ಬೆಲೆಗಿಂತ ಹೆಚ್ಚಾಗಿ ಬಂದ ಹಣವನ್ನು ಅವರು ಒಪ್ಪಲಿಲ್ಲವೆಂದು ಶರಣರ ಕಥೆಗಳು ಹೇಳುವುವು. ಕಲ್ಯಾಣದಲ್ಲಿ ಕಸುಬಿನ ಹೆಸರು ಹೀನತೆಯ ಗುರುತಾಗಿರದೆ ಗೌರವದ ಗುರುತಾಯಿತು. ನುಲಿಯ, ಮೇದಾರ, ಮಡಿವಾಳ, ಅಂಬಿಗ ಎಂಬ ಹೆಸರುಗಳನ್ನು ಹೊತ್ತವರು ತಲೆಯೆತ್ತಿ ಅನುಭವಮಂಟಪದಲ್ಲಿ ಕುಳಿತರು. ಕೊರಮ, ಕೊರಚ, ಕೊರವರೆಂಬ ಜನರು ಈ ಚಂದಯ್ಯನವರನ್ನು ತಮ್ಮ ಕುಲದ ಹಿರಿಯರೆಂದು ಇಂದಿಗೂ ಪೂಜಿಸುತ್ತಾರೆ.

ಆ ಜನರು ಹಗ್ಗ, ಬುಟ್ಟಿಗಳನ್ನು ಮಾಡುವುದಲ್ಲದೆ, ಎತ್ತು ಕತ್ತೆಗಳ ಮೇಲೆ ಉಪ್ಪನ್ನೂ ಧಾನ್ಯವನ್ನೂ ಹೇರಿಕೊಂಡು ಊರಿಂದೂರಿಗೆ ಸಾಗಿಸುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಉಗಿಬಂಡಿಯ ದಾರಿಗಳು ಹರಡಿದುವು. ಉಪ್ಪಿನ ಮೇಲೆ ಸರಕಾರದ ಕರವು ಬಿಗಿಯಾಯಿತು. 1876-78ರ ಘೋರವಾದ ಕ್ಷಾಮವೂ ಬಂದಿತು. ಹೇರಿನ ವ್ಯಾಪಾರವು ಮುರಿದು ಬೀಳಲು, ಅಲೆಯುವುದೊಂದೇ ಅವರಿಗೆ ಉಳಿಯಿತು. ಕಸುಬಿಲ್ಲದೆ ಅಲೆಯುವವನನ್ನು ಅಧಿಕಾರಿಗಳು ಕಳ್ಳನೆಂದೇ ಎಣಿಸಿದರು.

ಆಂಗ್ಲ ಸರಕಾರವು 1871ನೆಯ ಇಸವಿಯಲ್ಲಿ ಅಪರಾಧಿ ಬುಡಕಟ್ಟುಗಳ ಕಾಯಿದೆಯನ್ನು ಮಾಡಿತು. ಮೊದಲು ಉತ್ತರ ಹಿಂದುಸ್ಥಾನಕ್ಕೆ ಅನ್ವಯಿಸಿದ ಈ ಕಾಯಿದೆಯು 1911ರಲ್ಲಿ ಮದರಾಸು, ಮುಂಬಯಿ ಪ್ರಾಂತಗಳಿಗೂ ಹಬ್ಬಿತು; 1924ರಲ್ಲಿ ಮತ್ತೆ ತಿದ್ದಲ್ಪಟ್ಟಿತು. ತಂದೆಯ ಕಸುಬು ಮಗನಿಗೆ ಬರುವಂತೆ ಕಳ್ಳತನವೂ ಕುಲದಿಂದ ಬರುವುದೆಂಬ ಊಹೆಯೇ ಅದರ ತಳಹದಿ. ಒಂದು ಕುಲವನ್ನು ಅಪರಾಧಿಯೆಂದು ಸಾರಿದ ಬಳಿಕ ಅದನ್ನು ನ್ಯಾಯಸ್ಥಾನದಲ್ಲಿ ಪ್ರಶ್ನಿಸುವಂತಿರಲಿಲ್ಲ. ಹೆಸರು ದಾಖಲಾದವನ ಬೆರಳಿನ ಗುರುತನ್ನು ತೆಗೆದುಕೊಳ್ಳುತ್ತಿದ್ದರು. ಆತನು ಗೊತ್ತಾದ ವೇಳೆಗೆ ಹಾಜರಿ ಕೊಡಬೇಕು. ಅಪ್ಪಣೆಯ ಚೀಟಿಯಿಲ್ಲದೆ ಊರು ಬಿಡಕೂಡದು.

ಇದರ ಫಲವನ್ನು ವಿಚಾರಿಸಿರಿ. ಹಾಜರಿಗಾಗಿ ಊರಿನಲ್ಲೇ ನಿಲ್ಲಬೇಕಾದವನಿಗೆ ಸಂತೆಯ ವ್ಯಾಪಾರವು ತಪ್ಪಿತು. ಕಳ್ಳನೆಂದು ಬರೆಯಲ್ಪಟ್ಟವನನ್ನು ಯಾವ ರೈತನು ಕಣದ ಕೆಲಸಕ್ಕೆ ಕರೆದಾನು? ಎಲ್ಲಿ ಕಳವಾದರೂ ಮೊದಲು ಹಿಡಿಯಲ್ಪಡುವವನು ಆತನೇ. ಮಾಡಿದರೂ ಮಾಡದಿದ್ದರೂ ಪೆಟ್ಟು ತಪ್ಪದೆಂದು ಕಂಡವನು, ಹಸಿವು ಮೀರಿದಾಗ ಕೈಚಾಚಿದರೆ ಆಶ್ಚರ್ಯವೇನು? ಆಗ ಜನರು, “ನೋಡಿರಿ, ಕುಲದ ಗುಣವು ಹೋಗಲಿಲ್ಲ” ಎಂದರು. ಹೆಸರು ನಡತೆಯನ್ನು ಹುಟ್ಟಿಸಿತು. ನಡತೆಯು ಹೆಸರಿಗೆ ಸಾಕ್ಷಿಯಾಯಿತು. ಈ ಗಾಣದ ಸುತ್ತಿನಲ್ಲಿ ತಲೆಮಾರುಗಳು ಸವೆದುವು.

ವಿಜಾಪುರ, ಹುಬ್ಬಳ್ಳಿ, ಗದಗಗಳಲ್ಲಿ ಸರಕಾರವು ಇಂಥ ಕುಲಗಳವರಿಗಾಗಿ ವಸತಿಗಳನ್ನು ನಿರ್ಮಿಸಿತು. ಅಲ್ಲಿಯ ಬಾಳು ಕಾವಲಿನ ಬಾಳೇ ಆಗಿದ್ದಿತು. ಆದರೂ ಕೆಲಸವೂ ಕೂಲಿಯೂ ದೊರೆತಲ್ಲಿ ಅವರೇ ಗಿರಣಿಯ ಕೂಲಿಗಳಾಗಿ ದುಡಿದರು. ಅವರ ಮಕ್ಕಳು ಶಾಲೆಯಲ್ಲಿ ಅಕ್ಷರ ಕಲಿತರು. ಕಳ್ಳತನವು ರಕ್ತದಲ್ಲಿದ್ದುದಾದರೆ ಇದು ಹೇಗೆ ಸಾಧ್ಯವಾದೀತು? ಕಾಯಿದೆಯ ಊಹೆಯನ್ನು ಕಾಯಿದೆಯ ವಸತಿಗಳೇ ಸುಳ್ಳು ಮಾಡಿದುವು.

ಸ್ವತಂತ್ರ ಭಾರತವು 1952ನೆಯ ಇಸವಿಯ ಆಗಸ್ಟ್ 31ರಂದು ಈ ಕಾಯಿದೆಯನ್ನು ಕೊನೆಗಾಣಿಸಿತು. ಆ ಜನರಿಗೆ ವಿಮುಕ್ತರೆಂಬ ಹೆಸರು ಬಂದಿತು. ಕಾಗದದಿಂದ ಅಳಿಸಿದುದು ನಾಲಗೆಯಿಂದ ಅಷ್ಟು ಬೇಗ ಅಳಿಯಲಿಲ್ಲ. ಹುಬ್ಬಳ್ಳಿ ಗದಗಗಳ ಆ ಕೇರಿಗಳಿಗೆ ಇಂದಿಗೂ ಸೆಟ್ಲಮೆಂಟ್ ಎಂಬ ಹೆಸರೇ ಉಳಿದಿದೆ. ಕುಲದ ಹೆಸರನ್ನೇ ಬೈಗುಳವಾಗಿ ಆಡುವ ಮನೆಗಳು ಇನ್ನೂ ಇವೆ. ಅವುಗಳಲ್ಲಿ ವಿಭೂತಿ ಧರಿಸುವವರ ಮನೆಗಳಿಲ್ಲವೆಂದು ಎದೆ ಮುಟ್ಟಿ ಹೇಳಬಲ್ಲೆವೇ?

ಭಕ್ತಮಹಾಶಯರೇ, ಒಂದೇ ಕುಲಕ್ಕೆ ಎರಡು ಕಾಲಗಳು ಎರಡು ಹೆಸರುಗಳನ್ನು ಕೊಟ್ಟುವು. ಕಲ್ಯಾಣವು ಕಾಯಕಜೀವಿಯೆಂದು ಕರೆಯಲು, ಹೆಚ್ಚಿನ ಹಣವನ್ನು ಒಲ್ಲದ ಶರಣರು ಆ ಕುಲದಿಂದ ಬಂದರು. ಕಾಯಿದೆಯು ಕಳ್ಳರೆಂದು ಕರೆಯಲು, ಅವರ ಸಂತತಿಯವರು ಹಾಜರಿಯ ಸಾಲಿನಲ್ಲಿ ನಿಂತರು. ಕುಲವು ಬದಲಾಗಲಿಲ್ಲ, ಕರೆದವರ ದೃಷ್ಟಿಯು ಬದಲಾಯಿತು. ಮಠದ ದಾಸೋಹದ ಪಂಕ್ತಿಯಲ್ಲಿ ನಮ್ಮ ಪಕ್ಕಕ್ಕೆ ಕುಳಿತವನನ್ನು ಏನೆಂದು ಕರೆಯಬೇಕೆಂಬುದನ್ನು ನಿಶ್ಚಯಿಸುವ ಅಧಿಕಾರವು ನಮ್ಮ ನಾಲಗೆಗಿರುವುದು. ಬದನೆಯ ಕಾಯಿಯನ್ನು ಲಿಂಗವಾಗಿಸಿದ ದೃಷ್ಟಿಯು ನಮಗೂ ಗುರುಕೃಪೆಯಿಂದ ಲಭಿಸಲಿ.