ಗಾಳಿಯ ಲೆಕ್ಕ ಹಿಡಿದವರು

1751ರ ಜುಲೈಯಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ಬೆಂಜಮಿನ್ ರಾಬಿನ್ಸ್ ಎಂಬ ಆಂಗ್ಲ ಎಂಜಿನಿಯರ್ ಜ್ವರದಿಂದ ತೀರಿಕೊಂಡ. ಈಸ್ಟ್ ಇಂಡಿಯಾ ಕಂಪೆನಿಯ ಕೋಟೆಗಳನ್ನು ಬಲಪಡಿಸಲು ಬಂದವನು ಆತ. ಆದರೆ ಚರಿತ್ರೆ ಅವನನ್ನು ನೆನೆಯುವುದು ಬೇರೊಂದು ಕೆಲಸಕ್ಕಾಗಿ.

ತೋಪಿನ ಗುಂಡಿಗೆ ಗಾಳಿಯಿಂದ ಹೆಚ್ಚೇನೂ ಅಡ್ಡಿಯಿಲ್ಲವೆಂದು ಅಂದಿನ ಬಹುತೇಕ ಪಂಡಿತರು ನಂಬಿದ್ದರು. ರಾಬಿನ್ಸ್ ನಂಬಲಿಲ್ಲ, ಅಳೆದು ನೋಡಿದ. ತೂಗುಬಿಟ್ಟ ಮರದ ದಿಮ್ಮಿಗೆ ಗುಂಡು ಹೊಡೆದು, ಅದು ಎಷ್ಟು ಹಿಂದಕ್ಕೆ ಜೀಕಿತು ಎಂಬುದರಿಂದ ಗುಂಡಿನ ವೇಗ ಕಂಡುಹಿಡಿದ. ದಿಮ್ಮಿಯನ್ನು ದೂರ ದೂರಕ್ಕೆ ಸರಿಸಿ ಮತ್ತೆ ಹೊಡೆದ. ವೇಗ ಎಷ್ಟು ಕಡಿಮೆಯಾಯಿತೋ ಅಷ್ಟನ್ನು ಗಾಳಿ ಕಸಿದುಕೊಂಡಿತ್ತು. 1742ರಲ್ಲಿ ಅವನ ಪುಸ್ತಕ ಹೊರಬಂತು. ಗಾಳಿಯೇ ಇಲ್ಲದಿದ್ದರೆ 16 ಮೈಲಿ ಹೋಗಬೇಕಾದ 24 ಪೌಂಡಿನ ಗುಂಡು ವಾಸ್ತವದಲ್ಲಿ 3 ಮೈಲಿಯನ್ನೂ ತಲುಪುವುದಿಲ್ಲ ಎಂದು ಆತ ತೋರಿಸಿದ. ಶಬ್ದದ ವೇಗದ ಹತ್ತಿರ ಗಾಳಿಯ ತಡೆ ಒಮ್ಮೆಲೇ ಏರುವುದನ್ನೂ ಗುರುತಿಸಿದ. 1745ರಲ್ಲಿ ಮಹಾಗಣಿತಜ್ಞ ಆಯ್ಲರ್ ಆ ಪುಸ್ತಕವನ್ನು ಜರ್ಮನ್ ಭಾಷೆಗೆ ತಂದ.

ಮುಂದೆ 1860ರ ದಶಕದಲ್ಲಿ ಫ್ರಾನ್ಸಿಸ್ ಬ್ಯಾಷ್‌ಫೋರ್ತ್ ಎಂಬ ಪಾದ್ರಿ ಸಮ ಅಂತರದಲ್ಲಿ ನೂಲಿನ ಪರದೆಗಳನ್ನು ನಿಲ್ಲಿಸಿದ. ಗುಂಡು ಒಂದೊಂದು ಪರದೆಯ ನೂಲನ್ನು ಹರಿದಾಗಲೂ ವಿದ್ಯುತ್ತಿನ ಸಹಾಯದಿಂದ ಆ ಕ್ಷಣ ಸುತ್ತುವ ಉರುಳೆಯ ಮೇಲೆ ದಾಖಲಾಗುತ್ತಿತ್ತು. 1920ರಲ್ಲಿ ಫೌಲರ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗದಲ್ಲಿ ನೂಲಿನ ಬದಲು ರಟ್ಟಿನ ಹಾಳೆಗಳಿದ್ದವು. ಬುಗುರಿಯಂತೆ ಸುತ್ತುವ ಗುಂಡು ನೇರ ಹೋದರೆ ದುಂಡು ತೂತು, ಓರೆಯಾದರೆ ಉದ್ದನೆಯ ತೂತು. ಆ ತೂತುಗಳ ಸಾಲನ್ನು ಓದಿ, ಗುಂಡನ್ನು ಮಗುಚಲು ಗಾಳಿ ಹಾಕುವ ಬಲ ಎಷ್ಟೆಂದು ಲೆಕ್ಕ ಹಾಕಿದರು. ಇಂದು ರಾಡಾರ್, ಕಂಪ್ಯೂಟರ್ ಬಂದಿವೆ. ಆದರೂ ದಾರಿ ಅದೇ: ಲೆಕ್ಕದ ಹಾರಾಟವು ಕಂಡ ಹಾರಾಟಕ್ಕೆ ಹೊಂದುವವರೆಗೆ ಗಾಳಿಯ ಅಂಕಿಗಳನ್ನು ತಿದ್ದುವುದು.

ಇದರಲ್ಲಿ ನಮಗೇನು ಎಂದು ಕೇಳಬಹುದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರಿನ ರಾಕೆಟ್‌ಗಳು ಇಂಗ್ಲೆಂಡಿನ ವೂಲಿಚ್ ಸೇರಿದವು. ಅಲ್ಲಿ ವಿಲಿಯಂ ಕಾಂಗ್ರೀವ್ ಪ್ರಯೋಗದ ಮೇಲೆ ಪ್ರಯೋಗ ನಡೆಸಿ ತನ್ನ ರಾಕೆಟ್ ರೂಪಿಸಿದ. ಅದೇ ವೂಲಿಚ್‌ನಲ್ಲಿ ಮುಂದೆ ಬ್ಯಾಷ್‌ಫೋರ್ತ್ ಸೇನಾಧಿಕಾರಿಗಳಿಗೆ ಗಣಿತ ಕಲಿಸಿದ. ಗೆದ್ದವರು ಆಯುಧವನ್ನು ಒಯ್ದು ಸುಮ್ಮನಿರಲಿಲ್ಲ, ಅದನ್ನು ಅಳತೆಗೆ ಒಡ್ಡಿದರು.

ಈ ವಿದ್ಯೆ ಬೆಳೆದದ್ದು ಮನುಷ್ಯರನ್ನು ಕೊಲ್ಲುವ ಕೆಲಸದ ನೆರಳಿನಲ್ಲಿ ಎಂಬುದನ್ನು ನಾವು ಮರೆಯಬಾರದು. ಆದರೆ ಕಂಡದ್ದನ್ನು ಅಳೆದು, ಬರೆದು, ನಂಬಿದ್ದನ್ನು ತಿದ್ದಿಕೊಳ್ಳುವ ಗುಣ ಯಾವ ಸಾಮ್ರಾಜ್ಯದ ಸ್ವತ್ತೂ ಅಲ್ಲ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಪಾಳುಬಾವಿಯಲ್ಲಿ ಸಾವಿರಕ್ಕೂ ಹೆಚ್ಚು ಹಳೆಯ ರಾಕೆಟ್‌ಗಳು ಸಿಕ್ಕಾಗ ನಾವೆಲ್ಲ ಹೆಮ್ಮೆಪಟ್ಟೆವು. ಅವುಗಳ ಮುಂದೆ ನಿಂತು ನಮ್ಮ ಮಕ್ಕಳು ‘ಇದರ ತೂಕವೆಷ್ಟು, ಎಷ್ಟು ದೂರ ಹೋಗುತ್ತಿತ್ತು, ಗಾಳಿ ಇದನ್ನು ಎಷ್ಟು ತಡೆಯುತ್ತಿತ್ತು?’ ಎಂದು ಕೇಳುವಂತಾದರೆ ಆ ಹೆಮ್ಮೆಗೆ ಅರ್ಥ ಬರುತ್ತದೆ.