ನ್ಯಾಷನಲ್ ಕಾಲೇಜಿನ ಹಳೆ ವಿದ್ಯಾರ್ಥಿಗಳು: ಮೂರು ತಲೆಮಾರು, ಮೂರು ದಾರಿ

ಬೆಂಗಳೂರು: ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಓದಿ ಹೆಸರು ಮಾಡಿದವರು ಯಾರು ಎಂದು ಕೇಳಿದರೆ ಮೂರು ಹೆಸರುಗಳು ಥಟ್ಟನೆ ಬರುತ್ತವೆ. ಚಿತ್ರನಟ ವಿಷ್ಣುವರ್ಧನ್, ಕ್ರಿಕೆಟಿಗ ಅನಿಲ್ ಕುಂಬ್ಳೆ, ಇಸ್ರೊ ಅಧ್ಯಕ್ಷರಾಗಿದ್ದ ಎ.ಎಸ್. ಕಿರಣ್ ಕುಮಾರ್. ಸಿನಿಮಾ, ಕ್ರೀಡೆ, ವಿಜ್ಞಾನ ಮೂರಕ್ಕೂ ಒಬ್ಬೊಬ್ಬರಂತೆ ಸಿಕ್ಕಿರುವುದರಿಂದ ಈ ಪಟ್ಟಿ ವಾರ್ಷಿಕೋತ್ಸವದ ಭಾಷಣಗಳಿಗೆ ಹೇಳಿ ಮಾಡಿಸಿದಂತಿದೆ. ಆದರೆ ಒಂದು ಕಾಲೇಜಿನ ಹಳೆ ವಿದ್ಯಾರ್ಥಿಗಳ ಚರಿತ್ರೆ ಎಂದರೆ ಖ್ಯಾತರ ಪಟ್ಟಿಯಷ್ಟೇ ಅಲ್ಲ. ಯಾವ ಕಾಲದಲ್ಲಿ ಯಾವ ಮನೆಯ ಮಕ್ಕಳು ಆ ಬಾಗಿಲನ್ನು ದಾಟಿ ಬಂದರು, ಅಲ್ಲಿಂದ ಎತ್ತ ಹೋದರು, ಹೋದವರಲ್ಲಿ ಮರಳಿ ಬಂದವರೆಷ್ಟು ಎಂಬುದೂ ಅದರ ಭಾಗವೇ. ಹಳೆಯ ಬೆಂಗಳೂರಿನ ಮಧ್ಯಮ ವರ್ಗ ಬದಲಾದ ಬಗೆಯನ್ನು ಅರಿಯಲು ಈ ಕಾಲೇಜಿಗಿಂತ ಒಳ್ಳೆಯ ಕನ್ನಡಿ ಸಿಗುವುದು ಕಷ್ಟ.

ಪ್ಲೇಗ್ ನಂತರದ ಬಡಾವಣೆ, ಹೋಂರೂಲ್ ಕಾಲದ ಶಾಲೆ

1898ರ ಪ್ಲೇಗ್ ಮಾರಿ ಪೇಟೆಯ ಇಕ್ಕಟ್ಟಾದ ಬೀದಿಗಳಿಂದ ಜನರನ್ನು ಹೊರಗೆ ಅಟ್ಟಿದ ಮೇಲೆ ಬಸವನಗುಡಿ, ಮಲ್ಲೇಶ್ವರಂ ಬಡಾವಣೆಗಳು ವೇಗವಾಗಿ ಬೆಳೆದವು. ಸರ್ಕಾರಿ ನೌಕರರು, ವಕೀಲರು, ಉಪಾಧ್ಯಾಯರು ಇಲ್ಲಿ ಮನೆ ಮಾಡಿದರು. ಇಂತಹ ಕಡೆ ಶಾಲೆಗಳು ಹುಟ್ಟುವುದು ಸಹಜವೇ. 1917ರಲ್ಲಿ ಆನಿ ಬೆಸೆಂಟ್ ಅವರ ಪ್ರೇರಣೆಯಿಂದ ಇಲ್ಲಿ ನ್ಯಾಷನಲ್ ಹೈಸ್ಕೂಲ್ ಆರಂಭವಾಯಿತು. ಅದು ಹೋಂರೂಲ್ ಚಳವಳಿಯ ಕಾಲ. ಸರ್ಕಾರಿ ಗುಮಾಸ್ತರನ್ನು ತಯಾರಿಸುವ ಶಾಲೆಗಳಿಗೆ ಬದಲಾಗಿ ರಾಷ್ಟ್ರೀಯ ಶಿಕ್ಷಣ ಬೇಕೆಂಬ ಆಶಯ ಶಾಲೆಯ ಹೆಸರಿನಲ್ಲಿಯೇ ಸೇರಿಕೊಂಡಿತು. ಅದೇ ಸಂಸ್ಥೆಯ ಆಶ್ರಯದಲ್ಲಿ 1945ರಲ್ಲಿ ನ್ಯಾಷನಲ್ ಕಾಲೇಜು ಪ್ರಾರಂಭಗೊಂಡಿತು. ಮರುವರ್ಷ, 1946ರಲ್ಲಿ, ಬಿ.ಎಂ. ಶ್ರೀನಿವಾಸಯ್ಯನವರು ಸ್ಥಾಪಿಸಿದ ಬಿ.ಎಂ.ಎಸ್. ಎಂಜಿನಿಯರಿಂಗ್ ಕಾಲೇಜು ಇದೇ ಬಸವನಗುಡಿಯಲ್ಲಿ ತಲೆಯೆತ್ತಿತು. ಹತ್ತು ವರ್ಷಗಳ ನಂತರ ಮಲ್ಲೇಶ್ವರದಲ್ಲಿ ಎಂ.ಇ.ಎಸ್. ಸಂಸ್ಥೆ ಹುಟ್ಟಿತು. ಆದರೆ ಹಳೆ ವಿದ್ಯಾರ್ಥಿಯೊಬ್ಬನೇ ಸಂಸ್ಥೆಯ ಮುಖವಾಗಿ ನಿಂತ ಉದಾಹರಣೆಗೆ ನ್ಯಾಷನಲ್ ಕಾಲೇಜಿನ ಕಡೆಗೇ ತಿರುಗಬೇಕು.

ನಡೆದು ಬಂದ ಹುಡುಗ

ಡಾ. ಎಚ್. ನರಸಿಂಹಯ್ಯ ಕಟ್ಟುನಿಟ್ಟಾಗಿ ಹೇಳುವುದಾದರೆ ಕಾಲೇಜಿನ ಹಳೆ ವಿದ್ಯಾರ್ಥಿಯಲ್ಲ, ಹೈಸ್ಕೂಲಿನ ಹಳೆ ವಿದ್ಯಾರ್ಥಿ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರ ಜೂನ್ 6ರಂದು ಬಡ ಕುಟುಂಬವೊಂದರಲ್ಲಿ ಜನಿಸಿದ ಅವರ ಮನೆಮಾತು ತೆಲುಗು. ತಾಯಿ ಕೂಲಿ ಮಾಡುತ್ತಿದ್ದರು. 1935ರಲ್ಲಿ ಮುಂದಿನ ಓದಿಗಾಗಿ ಬೆಂಗಳೂರಿಗೆ ಹೊರಟಾಗ ಬಸ್ಸಿಗೆ ಕೊಡಲು ಹಣವಿರಲಿಲ್ಲ. ಸುಮಾರು 80 ಕಿ.ಮೀ. ದೂರವನ್ನು ನಡೆದೇ ಬಂದ ಆ ಹುಡುಗನನ್ನು ನ್ಯಾಷನಲ್ ಹೈಸ್ಕೂಲ್ ಸೇರಿಸಿಕೊಂಡಿತು. ಮರುವರ್ಷ ಗಾಂಧೀಜಿ ಶಾಲೆಗೆ ಭೇಟಿ ನೀಡಿದಾಗ ಅವರ ಹಿಂದಿ ಭಾಷಣವನ್ನು ಕನ್ನಡಕ್ಕೆ ಅನುವಾದಿಸುವ ಅವಕಾಶ ಒದಗಿದ್ದೂ ಇದೇ ಹುಡುಗನಿಗೆ.

ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನ ಓದುತ್ತಿದ್ದಾಗ ಕ್ವಿಟ್ ಇಂಡಿಯಾ ಚಳವಳಿ ಬಂತು. ನರಸಿಂಹಯ್ಯ ಓದು ಬಿಟ್ಟು ಸೆರೆವಾಸ ಅನುಭವಿಸಿದರು. ಬಳಿಕ ಓದು ಮುಗಿಸಿ, 1946ರಲ್ಲಿ, ಆಗಷ್ಟೇ ಒಂದು ವರ್ಷ ತುಂಬಿದ್ದ ನ್ಯಾಷನಲ್ ಕಾಲೇಜಿಗೆ ಅಧ್ಯಾಪಕರಾಗಿ ಬಂದರು. ಅಮೆರಿಕದ ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯದಿಂದ 1960ರಲ್ಲಿ ಪರಮಾಣು ಭೌತವಿಜ್ಞಾನದಲ್ಲಿ ಪಿಎಚ್.ಡಿ. ಪಡೆದ ಮೇಲೆ ಅವರ ಮುಂದೆ ಬೇರೆ ದಾರಿಗಳು ಇರಲಿಲ್ಲವೆಂದಲ್ಲ. ಆದರೂ ಬಸವನಗುಡಿಗೇ ಹಿಂತಿರುಗಿದರು. 1961ರಿಂದ 1972ರವರೆಗೆ ಪ್ರಾಂಶುಪಾಲರು, 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ, ಆನಂತರವೂ ಸಂಸ್ಥೆಯ ಚುಕ್ಕಾಣಿ. ಮದುವೆಯಾಗಲಿಲ್ಲ, ಸ್ವಂತ ಮನೆ ಮಾಡಲಿಲ್ಲ. ಕಾಲೇಜಿನ ಹಾಸ್ಟೆಲಿನ ಕೋಣೆಯೇ ದಶಕಗಳ ಕಾಲ ಅವರ ವಿಳಾಸವಾಗಿತ್ತು. ಖಾದಿ ಪಂಚೆ, ಜುಬ್ಬ, ಗಾಂಧಿ ಟೋಪಿಯ ಎಚ್ಚೆನ್ ಅವರನ್ನು ಗಾಂಧಿ ಬಜಾರಿನ ಜನ ದೂರದಿಂದಲೇ ಗುರುತಿಸುತ್ತಿದ್ದರು.

1962ರಲ್ಲಿ ಅವರು ಹುಟ್ಟುಹಾಕಿದ ಬೆಂಗಳೂರು ಸೈನ್ಸ್ ಫೋರಂ ಸಾರ್ವಜನಿಕರಿಗಾಗಿ ವಿಜ್ಞಾನ ಉಪನ್ಯಾಸಗಳನ್ನು ಏರ್ಪಡಿಸುತ್ತ ಬಂದಿತು. ನಗರದ ದೊಡ್ಡ ವಿಜ್ಞಾನಿಗಳು ಪಿಯುಸಿ ಹುಡುಗನಿಗೂ ನಿವೃತ್ತ ಗುಮಾಸ್ತನಿಗೂ ಒಂದೇ ವೇದಿಕೆಯಿಂದ ಪಾಠ ಹೇಳಿದರು. ಪ್ರಶ್ನಿಸದೆ ಏನನ್ನೂ ಒಪ್ಪಿಕೊಳ್ಳಬಾರದೆಂಬ ಎಚ್ಚೆನ್ ನಿಲುವು ತರಗತಿಯ ಗೋಡೆಯನ್ನು ದಾಟಿ ಹೊರಬಂದದ್ದು 1976ರಲ್ಲಿ. ಕುಲಪತಿಯಾಗಿದ್ದ ಅವರು ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದಾಗ ರಾಜ್ಯದಲ್ಲಿ ಭಾರಿ ವಾದವಿವಾದ ಎದ್ದಿತು. ಗುಡಿಗಳೇ ಗುರುತಾಗಿರುವ ಬಸವನಗುಡಿಯಲ್ಲಿ ಕುಳಿತು ಇಂತಹ ಮಾತಾಡಿಯೂ ಅಲ್ಲಿಯ ಆಸ್ತಿಕರ ಗೌರವ ಉಳಿಸಿಕೊಂಡದ್ದು ಸಣ್ಣ ಸಂಗತಿಯಲ್ಲ.

ಹಳೆ ವಿದ್ಯಾರ್ಥಿಯಾಗಿ ಅವರು ಮಾಡಿದ ದೊಡ್ಡ ಕೆಲಸ ಬಹುಶಃ ಬೆಂಗಳೂರಿನ ಹೊರಗಿದೆ. ಗೌರಿಬಿದನೂರು ಮತ್ತು ಬಾಗೇಪಲ್ಲಿಗಳಲ್ಲಿ ನ್ಯಾಷನಲ್ ಕಾಲೇಜುಗಳು ತೆರೆದವು. ತಾವು ನಡೆದುಬಂದ ದಾರಿಯನ್ನು ಮುಂದಿನವರು ನಡೆಯಬೇಕಾಗದಂತೆ ಕಾಲೇಜನ್ನೇ ಆ ದಾರಿಯ ಇನ್ನೊಂದು ತುದಿಗೆ ಒಯ್ದರು. ಪದ್ಮಭೂಷಣ ಪುರಸ್ಕೃತರಾಗಿದ್ದ ನರಸಿಂಹಯ್ಯ 2005ರ ಜನವರಿ 31ರಂದು ನಿಧನರಾದರು. ಅವರ ಆತ್ಮಕಥೆಯ ಹೆಸರು 'ಹೋರಾಟದ ಹಾದಿ'.

ಪದವಿಯೇ ಗುರಿಯಾಗಿದ್ದ ಕಾಲ

ಎಚ್ಚೆನ್ ಪ್ರಾಂಶುಪಾಲರಾಗಿದ್ದ ಅವಧಿಯಲ್ಲಿ ಓದಿದವರು ಎರಡನೆಯ ತಲೆಮಾರು. ಎಚ್.ಎ.ಎಲ್., ಐ.ಟಿ.ಐ., ಎಚ್.ಎಂ.ಟಿ., ಬಿ.ಇ.ಎಲ್. ಕಾರ್ಖಾನೆಗಳು ಬೆಂಗಳೂರನ್ನು ಉದ್ಯೋಗದ ನಗರವನ್ನಾಗಿ ಮಾಡಿದ್ದವು. 1969ರಲ್ಲಿ ಬ್ಯಾಂಕುಗಳ ರಾಷ್ಟ್ರೀಕರಣವಾಯಿತು. ಬಿ.ಎಸ್ಸಿ. ಅಥವಾ ಬಿ.ಕಾಂ. ಮುಗಿಸಿದವನಿಗೆ ಪರೀಕ್ಷೆ ಬರೆದು ಬ್ಯಾಂಕು, ವಿಮಾ ನಿಗಮ, ಎ.ಜಿ. ಕಚೇರಿ ಸೇರುವ ದಾರಿ ಕಣ್ಣೆದುರಿಗಿತ್ತು. ಈ ತಲೆಮಾರಿನ ಬಹುಪಾಲು ಜನರ ಸಾಧನೆ ಪತ್ರಿಕೆಯಲ್ಲಿ ಬರುವಂಥದ್ದಲ್ಲ: ಕಾಯಂ ನೌಕರಿ, ಬನಶಂಕರಿಯಲ್ಲೋ ಜಯನಗರದಲ್ಲೋ ಒಂದು ನಿವೇಶನ, ತಂಗಿಯರ ಮದುವೆ, ಮಕ್ಕಳ ಓದು.

ಅದೇ ತರಗತಿಗಳಿಂದ ಎ.ಎಸ್. ಕಿರಣ್ ಕುಮಾರ್ ಹೊರಬಂದರು. ಹಾಸನ ಜಿಲ್ಲೆಯ ಆಲೂರು ಮೂಲದ ಅವರು 1971ರಲ್ಲಿ ನ್ಯಾಷನಲ್ ಕಾಲೇಜಿನಿಂದ ಭೌತವಿಜ್ಞಾನ ಆನರ್ಸ್ ಪದವಿ, 1973ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದಿಂದ ಎಲೆಕ್ಟ್ರಾನಿಕ್ಸ್ ಸ್ನಾತಕೋತ್ತರ ಪದವಿ, 1975ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಎಂ.ಟೆಕ್. ಪಡೆದರು. ಅದೇ ವರ್ಷ ಅಹಮದಾಬಾದಿನ ಬಾಹ್ಯಾಕಾಶ ಅನ್ವಯ ಕೇಂದ್ರ ಸೇರಿದ ಅವರು ಉಪಗ್ರಹಗಳಿಗೆ ಕಣ್ಣಿನಂತಿರುವ ಕ್ಯಾಮೆರಾಗಳ ನಿರ್ಮಾಣದಲ್ಲಿ ತೊಡಗಿದರು. ಭಾಸ್ಕರ ಉಪಗ್ರಹದಿಂದ ಚಂದ್ರಯಾನ-1 ಮತ್ತು ಮಂಗಳಯಾನದವರೆಗೆ ಅವರ ಕೆಲಸ ಹರಡಿದೆ. 2014ರಲ್ಲಿ ಪದ್ಮಶ್ರೀ ಬಂತು. 2015ರ ಜನವರಿಯಲ್ಲಿ ಇಸ್ರೊ ಅಧ್ಯಕ್ಷರಾಗಿ ಬೆಂಗಳೂರಿನ ಕೇಂದ್ರ ಕಚೇರಿಗೆ ಬಂದರು, 2018ರ ಜನವರಿಯವರೆಗೆ ಆ ಹುದ್ದೆಯಲ್ಲಿದ್ದರು. ಒಂದೇ ರಾಕೆಟ್ಟಿನಲ್ಲಿ 104 ಉಪಗ್ರಹಗಳನ್ನು ಕಕ್ಷೆಗೆ ಸೇರಿಸಿದ 2017ರ ಫೆಬ್ರುವರಿ 15ರ ಉಡಾವಣೆ ಅವರ ಅವಧಿಯದು. ಎಂಜಿನಿಯರಿಂಗ್ ಸೀಟು ಸಿಗದಿದ್ದರೆ ಮಾತ್ರ ಬಿ.ಎಸ್ಸಿ. ಎಂದು ತೀರ್ಮಾನಿಸುವ ಪೋಷಕರು ಈ ವೃತ್ತಾಂತವನ್ನು ಒಮ್ಮೆ ಗಮನಿಸಬಹುದು.

ವಿಷ್ಣುವರ್ಧನ್ ಅವರದೂ ಇದೇ ತಲೆಮಾರು. 1950ರಲ್ಲಿ ಮೈಸೂರಿನಲ್ಲಿ ಜನಿಸಿದ ಸಂಪತ್ ಕುಮಾರ್ ನ್ಯಾಷನಲ್ ಕಾಲೇಜಿನಲ್ಲಿ ಪದವಿ ಓದಿದರು. 'ವಂಶವೃಕ್ಷ'ದ ಚಿಕ್ಕ ಪಾತ್ರದ ನಂತರ, ಪುಟ್ಟಣ್ಣ ಕಣಗಾಲರ 'ನಾಗರಹಾವು' (1972) ಅವರಿಗೆ ಹೊಸ ಹೆಸರನ್ನೂ ಹೊಸ ಬದುಕನ್ನೂ ಕೊಟ್ಟಿತು. ಮೇಷ್ಟರನ್ನು ಆರಾಧಿಸುವ, ಸಮಾಜದ ಮೇಲೆ ಸಿಡಿದೇಳುವ ಕಾಲೇಜು ಹುಡುಗನ ಪಾತ್ರಕ್ಕೆ ಕಾಲೇಜು ದಾಟಿ ಹೆಚ್ಚು ದಿನವಾಗದ ತರುಣನೊಬ್ಬ ಸಿಕ್ಕಿದ್ದ. 2009ರ ಡಿಸೆಂಬರ್ 30ರಂದು ಅವರು ತೀರಿಕೊಂಡರು. 2025ರಲ್ಲಿ ರಾಜ್ಯ ಸರ್ಕಾರ ಮರಣೋತ್ತರ 'ಕರ್ನಾಟಕ ರತ್ನ' ಪ್ರಶಸ್ತಿ ಘೋಷಿಸಿತು.

ಪಿಯುಸಿ ಎಂಬ ಮೆಟ್ಟಿಲು

ಮೂರನೆಯ ತಲೆಮಾರಿಗೆ ಬರುವ ಹೊತ್ತಿಗೆ ಕಾಲೇಜಿನೊಂದಿಗಿನ ನಂಟಿನ ಸ್ವರೂಪವೇ ಬದಲಾಗಿತ್ತು. ಅನಿಲ್ ಕುಂಬ್ಳೆ ಇಲ್ಲಿ ಓದಿದ್ದು ಪಿಯುಸಿ. ಎಂಜಿನಿಯರಿಂಗ್ ಪದವಿ ಪಡೆದದ್ದು ಆರ್.ವಿ. ಎಂಜಿನಿಯರಿಂಗ್ ಕಾಲೇಜಿನಲ್ಲಿ. ಪದವಿ ಕೈಗೆ ಬರುವ ಮೊದಲೇ, 1990ರ ಆಗಸ್ಟ್‌ನಲ್ಲಿ, ಮ್ಯಾಂಚೆಸ್ಟರಿನಲ್ಲಿ ಮೊದಲ ಟೆಸ್ಟ್ ಆಡಿದ್ದರು. 1999ರ ಫೆಬ್ರುವರಿ 7ರಂದು ದೆಹಲಿಯಲ್ಲಿ ಪಾಕಿಸ್ತಾನದ ಇನಿಂಗ್ಸಿನ ಹತ್ತೂ ವಿಕೆಟ್‌ಗಳನ್ನು 74 ರನ್ನಿಗೆ ಉರುಳಿಸಿದರು. 2008ರ ನವೆಂಬರಿನಲ್ಲಿ ನಿವೃತ್ತರಾದಾಗ ಅವರ ಖಾತೆಯಲ್ಲಿ 619 ಟೆಸ್ಟ್ ವಿಕೆಟ್‌ಗಳಿದ್ದವು. ಮುಂದೆ ರಾಜ್ಯ ಕ್ರಿಕೆಟ್ ಸಂಸ್ಥೆಯ ಅಧ್ಯಕ್ಷ, ಭಾರತ ತಂಡದ ಕೋಚ್. ಇವೆಲ್ಲ ಓದುಗರಿಗೆ ಗೊತ್ತಿರುವುದೇ.

ಕಾಲೇಜಿನ ದೃಷ್ಟಿಯಿಂದ ಮುಖ್ಯವಾದದ್ದು ಬೇರೆ. ಕುಂಬ್ಳೆ ಓದಿದ ಕಾಲಕ್ಕಾಗಲೇ ಬಸವನಗುಡಿಯ ಮನೆಗಳಲ್ಲಿ ಪಿಯುಸಿ ಎಂದರೆ ಎಂಜಿನಿಯರಿಂಗಿಗೋ ಮೆಡಿಕಲ್ಲಿಗೋ ಏರುವ ಮೆಟ್ಟಿಲಾಗಿತ್ತು. 1990ರ ದಶಕದಲ್ಲಿ ಸಿಇಟಿ ಬಂದ ಮೇಲೆ ಅದು ಇನ್ನಷ್ಟು ಗಟ್ಟಿಯಾಯಿತು. ಎರಡು ವರ್ಷ ಇದ್ದು ಹೋಗುವ ಹುಡುಗನಿಗೆ ಐದು ವರ್ಷ ಇದ್ದವನ ಒಡನಾಟ ಸಿಗುವುದಿಲ್ಲ. ಅಧ್ಯಾಪಕರ ಹೆಸರೂ ಸರಿಯಾಗಿ ನೆನಪಿರುವುದಿಲ್ಲ. ಎಂಜಿನಿಯರಿಂಗ್ ಮುಗಿಸಿ ಸಾಫ್ಟ್‌ವೇರ್ ಕಂಪನಿ, ಅಲ್ಲಿಂದ ಅಮೆರಿಕ ಎಂಬ ದಾರಿಯಲ್ಲಿ ಹೋದವರು ತಮ್ಮ ಪರಿಚಯ ಹೇಳಿಕೊಳ್ಳುವಾಗ ಕೊನೆಯ ಪದವಿಯ ಕಾಲೇಜನ್ನೇ ಹೆಸರಿಸುತ್ತಾರೆ. ಪಿಯು ಕಾಲೇಜು ಆ ಸಾಲಿನಿಂದ ಬಿದ್ದುಹೋಗುತ್ತದೆ.

ನೆರೆಯ ಶಾಲೆಯ ಇಬ್ಬರು

ಇದು ಒಂದೇ ಸಂಸ್ಥೆಯ ಕಥೆಯಲ್ಲ. ಬಸವನಗುಡಿಯ ಆಚಾರ್ಯ ಪಾಠಶಾಲೆಯಲ್ಲಿ ಓದಿದ ಸಿ.ಎನ್.ಆರ್. ರಾವ್ ಸೆಂಟ್ರಲ್ ಕಾಲೇಜಿನಿಂದ 1951ರಲ್ಲಿ ಪದವಿ ಪಡೆದು, 1958ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಪಿಎಚ್.ಡಿ. ಗಳಿಸಿ, 1959ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಮರಳಿದರು. ಕಾನ್ಪುರಕ್ಕೆ ಹೋಗಿ ಪುನಃ 1976ರಲ್ಲಿ ಬೆಂಗಳೂರಿಗೆ ಬಂದರು. 2013ರಲ್ಲಿ ಭಾರತರತ್ನ ಘೋಷಣೆಯಾಯಿತು. ಅದೇ ಆಚಾರ್ಯ ಪಾಠಶಾಲೆಯ ಇನ್ನೊಬ್ಬ ವಿದ್ಯಾರ್ಥಿ ಬೆಂಗಳೂರು ಸಾರಿಗೆ ಬಸ್ಸಿನ ಕಂಡಕ್ಟರಾಗಿ, ಮದ್ರಾಸಿನ ಫಿಲಂ ಇನ್‌ಸ್ಟಿಟ್ಯೂಟಿಗೆ ಹೋಗಿ, 1975ರಲ್ಲಿ ತಮಿಳು ತೆರೆಗೆ ಬಂದ ರಜನೀಕಾಂತ್. ಅವರೂ ವಿಷ್ಣುವರ್ಧನ್ ಅವರಂತೆ 1950ರಲ್ಲಿ ಹುಟ್ಟಿದವರು. ಭಾರತರತ್ನಕ್ಕೂ ಸೂಪರ್‌ಸ್ಟಾರ್ ಪಟ್ಟಕ್ಕೂ ಒಂದೇ ಶಾಲೆಯ ಹಾಜರಿ ಪುಸ್ತಕ ಮೂಲವೆಂದರೆ, ಇದರಲ್ಲಿ ಶಾಲೆಯ ಪಾಲೆಷ್ಟು, ಬಡಾವಣೆಯ ಪಾಲೆಷ್ಟು, ಅದೃಷ್ಟದ ಪಾಲೆಷ್ಟು ಎಂದು ಬೇರ್ಪಡಿಸಲು ಹೋಗದಿರುವುದೇ ಲೇಸು.

ಪಟ್ಟಿಗೆ ಸೇರದವರು

ಹಳೆ ವಿದ್ಯಾರ್ಥಿಗಳ ಬಗ್ಗೆ ಕಾಲೇಜುಗಳು ಈಗ ತೋರುವ ಆಸಕ್ತಿಗೆ ಆಡಳಿತಾತ್ಮಕ ಕಾರಣವೂ ಉಂಟು. 1994ರಲ್ಲಿ ಸ್ಥಾಪನೆಯಾದ, ಬೆಂಗಳೂರಿನಲ್ಲಿಯೇ ಕೇಂದ್ರ ಕಚೇರಿ ಇರುವ ನ್ಯಾಕ್ ಮಂಡಳಿ ಕಾಲೇಜುಗಳ ಮೌಲ್ಯಮಾಪನ ಮಾಡುವಾಗ ಹಳೆ ವಿದ್ಯಾರ್ಥಿ ಸಂಘ ನೋಂದಣಿಯಾಗಿದೆಯೇ, ಅದರ ಕೊಡುಗೆ ಏನು ಎಂದು ಕೇಳುತ್ತದೆ. ಆಗ ಖ್ಯಾತನಾಮರ ಪಟ್ಟಿ, ದೇಣಿಗೆಯ ಮೊತ್ತ ಮುಂದೆ ಬರುತ್ತವೆ. ಉಳಿದವರು ಹಿಂದೆ ಸರಿಯುತ್ತಾರೆ.

ವಾಸ್ತವದಲ್ಲಿ ಉಳಿದವರ ಸುದ್ದಿಯನ್ನು ಕಾಪಾಡಿಕೊಂಡು ಬಂದಿರುವುದು ಸಹಪಾಠಿಗಳೇ. ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳಲ್ಲಿ ತರಗತಿವಾರು ಪುನರ್ಮಿಲನಗಳು ನಡೆಯುತ್ತಲೇ ಇರುತ್ತವೆ. ಯಾವುದೋ ಕಲ್ಯಾಣ ಮಂಟಪದ ಊಟದ ಹಾಲ್, ಮಸುಕಾದ ಗುಂಪು ಫೋಟೊ, ಯಾರಿಗೆ ಬೈಪಾಸ್ ಆಯಿತು, ಯಾರ ಮಗಳು ಸಿಡ್ನಿಯಲ್ಲಿದ್ದಾಳೆ, ಯಾರು ಹೋಗಿಬಿಟ್ಟರು ಎಂಬ ವಿಚಾರಣೆ. ಮೊದಲು ಪೋಸ್ಟ್‌ಕಾರ್ಡಿನಲ್ಲಿ, ಆಮೇಲೆ ಇ-ಮೇಲಿನಲ್ಲಿ, ಈಗ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಇದೇ ಲೆಕ್ಕ ಮುಂದುವರಿದಿದೆ. ಇವು ಯಾವ ಕಚೇರಿಯ ಕಡತಕ್ಕೂ ಸೇರುವುದಿಲ್ಲ. ಗುಂಪಿನ ಕೊನೆಯ ಸದಸ್ಯನೊಂದಿಗೆ ಆ ದಾಖಲೆಯೂ ಮುಗಿಯುತ್ತದೆ. ಕಾಲೇಜು ಆರಂಭವಾದ ವರ್ಷ 17ರ ಪ್ರಾಯದಲ್ಲಿ ಸೇರಿದವರಿದ್ದರೆ ಅವರಿಗೆ 2025ರಲ್ಲಿ 97 ತುಂಬಿರಬೇಕು.

ನ್ಯಾಷನಲ್ ಹೈಸ್ಕೂಲಿಗೆ 2017ರಲ್ಲಿ ನೂರು ವರ್ಷ ತುಂಬಿತು. ಕಾಲೇಜಿನ ಹೆಸರು ಹೊತ್ತ ಮೆಟ್ರೊ ನಿಲ್ದಾಣ ಅದೇ ವರ್ಷದ ಜೂನ್‌ನಲ್ಲಿ ಬಾಗಿಲು ತೆರೆಯಿತು. ಬಸವನಗುಡಿಯ ಅನೇಕ ಹಳೆಯ ಮನೆಗಳು ಅಪಾರ್ಟ್‌ಮೆಂಟುಗಳಾಗಿವೆ. ಒಂದು ಕಾಲದಲ್ಲಿ ಬಡ ವಿದ್ಯಾರ್ಥಿಗಳಿಗೆ ವಾರಾನ್ನ ಹಾಕುತ್ತಿದ್ದ ಮನೆಗಳ ಮೊಮ್ಮಕ್ಕಳು ಬೇರೆ ಊರು, ಬೇರೆ ದೇಶಗಳಲ್ಲಿದ್ದಾರೆ. 1935ರಲ್ಲಿ ಹೊಸೂರಿನ ಹುಡುಗ ಬಂದಂತೆ ಕೈಯಲ್ಲಿ ಕಾಸಿಲ್ಲದೆ ಇಂದು ಬರುವ ಹಳ್ಳಿಯ ವಿದ್ಯಾರ್ಥಿಗೆ ಈ ಬಡಾವಣೆಯಲ್ಲಿ ಮೊದಲು ಬೇಕಾಗುವುದು ಸೀಟಲ್ಲ, ತಂಗಲು ಒಂದು ಕೋಣೆ ಮತ್ತು ಎರಡು ಹೊತ್ತಿನ ಊಟ. ಹಳೆ ವಿದ್ಯಾರ್ಥಿ ಸಂಘಗಳು ಆ ಖರ್ಚನ್ನು ಹೊರುತ್ತವೆಯೇ ಎಂಬ ಪ್ರಶ್ನೆಯನ್ನು ನ್ಯಾಕ್ ನಮೂನೆಗಿಂತ ಮೊದಲು ಸಂಘಗಳೇ ತಮ್ಮ ಸಭೆಗಳಲ್ಲಿ ಕೇಳಿಕೊಳ್ಳಬೇಕಿದೆ.